ಹಂದಿ ಮಾಂಸದ ಸ್ಯಾಂಡ್‌ವಿಚ್‌ಗೆ 6 ಕ್ವಾರ್ಟಿನ (ಸುಮಾರು 5.7 ಲೀಟರಿನ) ಸ್ಲೋ ಕುಕ್ಕರ್: ಒಂದು ವರ್ಷ ಬಳಸಿದ ಮೇಲೆ

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದಲ್ಲಿ ಬಾರ್ಬೆಕ್ಯೂ ಎಂದರೆ ಹಂದಿ ಮಾಂಸವೇ. ರಾಜ್ಯದ ಪೂರ್ವ ಭಾಗದಲ್ಲಿ ಇಡೀ ಹಂದಿಯನ್ನು ಕಟ್ಟಿಗೆಯ ಕೆಂಡದ ಮೇಲೆ ನಿಧಾನವಾಗಿ ಬೇಯಿಸಿ, ಕೊಚ್ಚಿ, ವಿನೆಗರ್ ಮತ್ತು ಒಣಮೆಣಸಿನಕಾಯಿಯ ನೀರಾದ ಸಾಸ್ ಬೆರೆಸುತ್ತಾರೆ; ರಾಜ್ಯದ ನಡುಭಾಗದ ಲೆಕ್ಸಿಂಗ್ಟನ್ ಊರಿನ ಕಡೆಯವರು ಭುಜದ ಮಾಂಸವನ್ನಷ್ಟೇ ಬಳಸಿ, ಅದೇ ವಿನೆಗರ್‌ಗೆ ತುಸು ಟೊಮೇಟೊ ಕೆಚಪ್ ಸೇರಿಸುತ್ತಾರೆ. ಕಾಚಂಪುಳಿ ಎಂಬ ಕಪ್ಪು ಹುಳಿ ಹಾಕಿದ ಪಂದಿ ಕರಿ ಉಂಡು ಕೊಡಗಿನಲ್ಲಿ ಬೆಳೆದ ನನಗೆ, ಹಂದಿಯ ಕೊಬ್ಬಿಗೆ ಹುಳಿಯೇ ತಕ್ಕ ಜೊತೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ರಾಲಿಯ ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಇದ್ದಿಲು ಹೊತ್ತಿಸುವಂತಿಲ್ಲ. ಆದ್ದರಿಂದ ಸೆರಾಮಿಕ್ ಪಾತ್ರೆ ಮತ್ತು ಗಾಜಿನ ಮುಚ್ಚಳವಿರುವ, ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ಈ ವಿದ್ಯುತ್ ಸ್ಲೋ ಕುಕ್ಕರನ್ನು ಕೊಂಡೆ.

ಮಾಂಸವನ್ನು ಮೆದುವಾಗಿಸುವ ಕೆಲಸದಲ್ಲಿ ಇದಕ್ಕೆ ಪೂರ್ಣ ಅಂಕ ಕೊಡುತ್ತೇನೆ. ಇಲ್ಲಿನ ಅಂಗಡಿಗಳಲ್ಲಿ ಬಾಸ್ಟನ್ ಬಟ್ ಎಂದು ಮಾರುವುದು ಹಂದಿಯ ಭುಜದ ಮೇಲ್ಭಾಗವನ್ನು. 145 ಡಿಗ್ರಿ ಫ್ಯಾರನ್‌ಹೀಟ್ ತಲುಪಿ ಮೂರು ನಿಮಿಷ ಕಳೆದರೆ ಅದು ತಿನ್ನಲು ಸುರಕ್ಷಿತವೇನೋ ಹೌದು, ಆದರೆ ಅದರ ಸ್ನಾಯುಗಳನ್ನು ಹಿಡಿದಿಡುವ ಕೊಲಾಜನ್ ಎಂಬ ಗಟ್ಟಿ ಅಂಶ ಕರಗಿ ಮಾಂಸ ಎಳೆ ಎಳೆಯಾಗಿ ಬಿಡಿಸಿಕೊಳ್ಳಬೇಕಾದರೆ ಒಳಗಿನ ಶಾಖ 195ರಿಂದ 205 ಡಿಗ್ರಿಯವರೆಗೆ ಏರಬೇಕು. 4 ಪೌಂಡಿನ ತುಂಡಿಗೆ ಕಡಿಮೆ ಶಾಖದಲ್ಲಿ ಸುಮಾರು 9 ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತಾದ ಮೇಲೆ ಭುಜದ ಅಗಲ ಮೂಳೆಯನ್ನು ಎರಡು ಬೆರಳಲ್ಲಿ ಹಿಡಿದೆಳೆದರೆ, ಒಂದು ಎಳೆ ಮಾಂಸವೂ ಅಂಟಿಕೊಳ್ಳದೆ ಬೆಳ್ಳಗೆ ಹೊರಬರುತ್ತದೆ. ವಿಚಿತ್ರವೆಂದರೆ, ಟೈಮರ್ 8 ಗಂಟೆಯಿಂದ ನೇರವಾಗಿ 10ಕ್ಕೆ ಹೋಗುತ್ತದೆ. 9ಕ್ಕೆ ನಿಲ್ಲಿಸಬೇಕಾದರೆ ನಾವೇ ಮನೆಯಲ್ಲಿರಬೇಕು.

ಜೊತೆಗೆ ಬಂದ ಪುಸ್ತಿಕೆಯನ್ನು ಮಾತ್ರ ನಂಬಬೇಡಿ. ಅದರಲ್ಲಿ ಹೇಳಿದಂತೆ ಮೊದಲ ಸಲ ಎರಡು ಕಪ್ ನೀರು ಸುರಿದೆ. ಮುಚ್ಚಿದ ಪಾತ್ರೆಯಿಂದ ಹಬೆ ಹೆಚ್ಚು ಹೊರಹೋಗದ ಕಾರಣ ಮಾಂಸ ತಾನು ಬಿಟ್ಟ ರಸದಲ್ಲೇ ಮುಳುಗಿ, ಸಪ್ಪೆಯಾದ ಬೇಯಿಸಿದ ಮಾಂಸವಾಯಿತು. ಈಗ ಕಾಲು ಕಪ್ ಆಪಲ್ ಸೈಡರ್ ವಿನೆಗರ್ ಬಿಟ್ಟರೆ ಬೇರೇನನ್ನೂ ಹಾಕುವುದಿಲ್ಲ. ಬೆಂದ ಮೇಲೆ ಬಿಡಿಸಿ, ಅಗಲ ತಟ್ಟೆಯಲ್ಲಿ ಹರಡಿ, ಓವನ್ನಿನ ಬ್ರಾಯ್ಲರ್ (ಮೇಲಿನಿಂದ ಉರಿ ಕೊಡುವ ಭಾಗ) ಕೆಳಗೆ ಐದು ನಿಮಿಷ ಇಡುತ್ತೇನೆ. ಅಂಚುಗಳು ಗರಿಗರಿಯಾಗಿ ಕಂದು ಬಣ್ಣಕ್ಕೆ ತಿರುಗುತ್ತವೆ. ನಂತರ ವಿನೆಗರ್, ಒಣಮೆಣಸಿನಕಾಯಿ ಚೂರು, ಉಪ್ಪು ಮತ್ತು ಚಿಟಿಕೆ ಕಂದು ಸಕ್ಕರೆಯ ಸಾಸಿಗೆ ನಾಲ್ಕು ಹನಿ ಕಾಚಂಪುಳಿ ಬೆರೆಸಿ ಸುರಿಯುತ್ತೇನೆ. ಇದು ಕ್ಯಾರೊಲಿನಾದ ಪದ್ಧತಿಯಲ್ಲ, ಆದರೆ ಆ ಕಪ್ಪು ಹುಳಿಯ ಆಳ ಬರಿಯ ವಿನೆಗರ್‌ಗೆ ಇಲ್ಲ. ಹಿಕರಿ ಕಟ್ಟಿಗೆಯ ಹೊಗೆಯ ರುಚಿ ಬೇಕಿದ್ದರೆ ಬಾರ್ಬೆಕ್ಯೂ ಅಂಗಡಿಗೇ ಹೋಗಬೇಕು. ಅದನ್ನು ಈ ಪಾತ್ರೆ ಕೊಡಲಾರದು.

ಇಲ್ಲಿ ಎಲೆಕೋಸಿನ ಸಲಾಡ್ ಆದ ಕೋಲ್‌ಸ್ಲಾ ಪಕ್ಕದ ಬಟ್ಟಲಿನಲ್ಲಿ ಉಳಿಯದೆ ಬನ್ನಿನೊಳಗೆ ಮಾಂಸದ ಮೇಲೆಯೇ ಕೂರುತ್ತದೆ. ಎಲೆಕೋಸನ್ನು ಸಣ್ಣಗೆ ಹೆಚ್ಚಿ, ಉಪ್ಪು ಹಾಕಿ ಅರ್ಧ ಗಂಟೆ ಬಿಟ್ಟು ಹಿಂಡಿದರೆ ಬನ್ ನೀರಾಗುವುದಿಲ್ಲ. ಮೆಕ್ಕೆಜೋಳದ ಹಿಟ್ಟಿಗೆ ಮಜ್ಜಿಗೆ, ಈರುಳ್ಳಿ ಕಲಸಿ ಬೋಂಡಾದಂತೆ ಕರಿಯುವ ಹಶ್ ಪಪ್ಪಿಗೆ ಬಾಣಲೆಯೇ ಬೇಕು. ಬೀನ್ಸ್ ಮಾಡುವವರಿಗೆ ಒಂದು ಎಚ್ಚರಿಕೆ: ಒಣ ರಾಜ್ಮಾವನ್ನು ನೆನೆಸಿ, ಒಲೆಯ ಮೇಲೆ ಚೆನ್ನಾಗಿ ಕುದಿಸದೆ ಸ್ಲೋ ಕುಕ್ಕರಿಗೆ ಹಾಕಬಾರದು. ಅದರಲ್ಲಿರುವ ಲೆಕ್ಟಿನ್ ಎಂಬ ವಿಷಾಂಶ ನಾಶವಾಗಲು ಈ ಪಾತ್ರೆಯ ಕಡಿಮೆ ಶಾಖ ಸಾಲದು.

ಬೆಂದಾಗ ತೂಕ ಅರ್ಧದಷ್ಟಕ್ಕೆ ಇಳಿದರೂ 4 ಪೌಂಡಿನಿಂದ ಎಂಟು ಸ್ಯಾಂಡ್‌ವಿಚ್ ಧಾರಾಳವಾಗಿ ಆಗುತ್ತವೆ. ಆರು ಜನರೊಳಗಿನ ಮನೆಗೆ ಈ ಅಳತೆ ಸಾಕು. ಆದರೆ ನನ್ನದರ ಮುಚ್ಚಳಕ್ಕೆ ಕ್ಲಿಪ್ ಇಲ್ಲ. ಗೆಳೆಯರ ಮನೆಗೆ ಒಯ್ಯುವಾಗ ಒಂದು ತಿರುವಿನಲ್ಲಿ ರಸವೆಲ್ಲ ಕಾರಿನ ಹಿಂಬದಿಗೆ ಚೆಲ್ಲಿತು. ಅಡುಗೆ ಹೊತ್ತೊಯ್ಯುವ ಅಭ್ಯಾಸವಿರುವವರು ಕ್ಲಿಪ್ ಇರುವ ಮಾದರಿಯನ್ನೇ ಕೇಳಿ ಕೊಳ್ಳುವುದು ಒಳ್ಳೆಯದು.