ದತ್ತು ಪೋರ್ಟಲ್ ‘ಕೇರಿಂಗ್ಸ್’: ಐವಿಎಫ್ ಕೈಕೊಟ್ಟ ಮೇಲೆ ಬರುವವರಿಗೆ ಎಷ್ಟು ಅನುಕೂಲ?

ದೇಶದೊಳಗೆ ಅನಾಥ, ಪರಿತ್ಯಕ್ತ ಅಥವಾ ಹೆತ್ತವರೇ ಒಪ್ಪಿಸಿದ ಮಗುವನ್ನು ಕಾನೂನುಬದ್ಧವಾಗಿ ದತ್ತು ಪಡೆಯಬೇಕೆಂದರೆ ಬಾಗಿಲು ‘ಕೇರಿಂಗ್ಸ್’ ಒಂದೇ. ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ‘ಕಾರಾ’, ನಡೆಸುವ ಈ ಪೋರ್ಟಲ್‌ನಲ್ಲಿ ವಶೀಲಿ ನಡೆಯದು. ಸರದಿ ದೇಶಕ್ಕೆಲ್ಲ ಒಂದೇ. ನಮ್ಮ ಮಟ್ಟಿಗೆ ಇದರ ದೊಡ್ಡ ಗುಣ ಅದೇ, ದೊಡ್ಡ ಸಂಕಟವೂ ಅದೇ.

ಐವಿಎಫ್ (ಪ್ರನಾಳ ಶಿಶು) ಚಿಕಿತ್ಸೆ ಮುಗಿಸಿ ಬರುವವರು ಎಡವುವುದು ವಯಸ್ಸಿನ ಲೆಕ್ಕದಲ್ಲಿ. 2022ರ ದತ್ತು ನಿಯಮಾವಳಿಯಂತೆ 2 ವರ್ಷದೊಳಗಿನ ಮಗು ಬೇಕಾದರೆ ಗಂಡ ಹೆಂಡತಿಯ ಒಟ್ಟು ವಯಸ್ಸು 85 ದಾಟಿರಬಾರದು. 2ರಿಂದ 4ರ ಮಗುವಿಗೆ 90, 4ರಿಂದ 8ಕ್ಕೆ 100, 8ರಿಂದ 18ಕ್ಕೆ 110. ಹೆಂಡತಿಗೆ 41, ಗಂಡನಿಗೆ 45 ಆಗಿದ್ದರೆ ಮೊತ್ತ 86; ಒಂದೇ ವರ್ಷದಲ್ಲಿ ಕೈಗೂಸಿನ ಸಾಲು ತಪ್ಪಿತು. ಲೆಕ್ಕಕ್ಕೆ ಬರುವುದು ನೋಂದಣಿಯ ದಿನದ ವಯಸ್ಸು. ಮಕ್ಕಳಾಗದಿರುವುದು ಇಲ್ಲಿ ಅರ್ಹತೆಯ ಷರತ್ತೇ ಅಲ್ಲ, ಹಾಗಾಗಿ ‘ಚಿಕಿತ್ಸೆಯ ಇನ್ನೊಂದು ಸೈಕಲ್ (ಸುತ್ತು) ನೋಡಿ ಆಮೇಲೆ’ ಎಂದು ಕಾಯುವುದರಿಂದ ಲಾಭವಿಲ್ಲ. ಮದುವೆಯಾಗಿ ಕನಿಷ್ಠ 2 ವರ್ಷವಾಗಿರಬೇಕು, ಮಗುವಿಗೂ ಪೋಷಕರಿಗೂ ಕನಿಷ್ಠ 25 ವರ್ಷದ ಅಂತರವಿರಬೇಕು.

ನೋಂದಣಿ ಸುಲಭ, ದಾಖಲೆ ಕಷ್ಟ. ಫೋಟೋ, ಪ್ಯಾನ್, ಜನನ ಮತ್ತು ವಿವಾಹ ಪ್ರಮಾಣಪತ್ರ, ವಿಳಾಸ, ಆದಾಯ, ವೈದ್ಯಕೀಯ ಪ್ರಮಾಣಪತ್ರ ಇವಿಷ್ಟನ್ನೂ 30 ದಿನದೊಳಗೆ ಏರಿಸಬೇಕು. ನಮ್ಮ ಕಡೆ ಸಿಕ್ಕಿಹಾಕಿಕೊಳ್ಳುವುದು ಇನಿಷಿಯಲ್‌ನಲ್ಲಿ: ಆಧಾರ್‌ನಲ್ಲಿ ‘ಮಂಜುನಾಥ ಎಸ್’, ಪ್ಯಾನ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಮದುವೆ ಪತ್ರದಲ್ಲಿ ಬರೀ ‘ಮಂಜುನಾಥ’. ಮೊದಲು ಇದನ್ನು ಸರಿಮಾಡಿಸಿ, ಏಕೆಂದರೆ ನಿಮ್ಮ ಸರದಿ ಶುರುವಾಗುವುದು ದಾಖಲೆ ಪೂರ್ತಿಯಾದ ದಿನದಿಂದ. ಆಮೇಲೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ಗೃಹ ಅಧ್ಯಯನ ವರದಿ ಬರೆಯುತ್ತಾರೆ. ಅದಕ್ಕೆ 3 ವರ್ಷ ಮಾನ್ಯತೆ. ಚಿಕಿತ್ಸೆ ಯಾವಾಗ ನಿಲ್ಲಿಸಿದಿರಿ, ಆ ನೋವು ಎಲ್ಲಿಗೆ ಬಂತು ಎಂಬ ಪ್ರಶ್ನೆಗೆ ಸಿದ್ಧರಾಗಿರಿ. ಅತ್ತೆ ಮಾವ ಒಪ್ಪಿದ್ದಾರೆಯೇ ಎನ್ನುವುದಕ್ಕೂ.

ಆರೋಗ್ಯವಂತ ಕೈಗೂಸಿಗೆ ಕಾಯುವುದು 3 ವರ್ಷಕ್ಕೂ ಮೀರುತ್ತದೆ. 2024-25ರಲ್ಲಿ ನಡೆದ ದತ್ತು, ವಿದೇಶಕ್ಕೆ ಹೋದ ಮಕ್ಕಳೂ ಸೇರಿ, 4,515; ಸುಮಾರು 12 ವರ್ಷಗಳಲ್ಲೇ ಅದು ಹೆಚ್ಚು. ಸಾಲಿನಲ್ಲಿ ನಿಂತವರು ಅದರ ಎಷ್ಟೋ ಪಟ್ಟು. ಪೋರ್ಟಲ್ ತೋರಿಸುವ ಸರದಿ ಸಂಖ್ಯೆ ಆಮೆ ವೇಗದಲ್ಲಿ ಇಳಿಯುತ್ತದೆ, ದಿನಾ ನೋಡಿದರೆ ನಿದ್ದೆಗೇಡು. ಬೇಕೆನ್ನುವ ಮಗುವಿನ ವಯಸ್ಸು ಹೆಚ್ಚಾದಷ್ಟೂ, ವಿಶೇಷ ಅಗತ್ಯದ ಮಗುವಿಗೆ ಮನಸ್ಸಿದ್ದಷ್ಟೂ ಕಾಯುವುದು ಕಡಿಮೆ. ಸೀಳುತುಟಿಯಂಥ, ಶಸ್ತ್ರಚಿಕಿತ್ಸೆಗೆ ಬಗ್ಗುವ ತೊಂದರೆಯೂ ಆ ಪಟ್ಟಿಯಲ್ಲಿರಬಹುದು. ‘ವಿಶೇಷ ಅಗತ್ಯ’ ಎಂಬ ಹಣೆಪಟ್ಟಿ ನೋಡಿಯೇ ಹೆದರಬೇಡಿ.

ಸರದಿ ಬಂದಾಗ ಮೊಬೈಲಿಗೆ ಸಂದೇಶ ಬರುತ್ತದೆ. ಫೋಟೋ, ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ ತೆರೆದುಕೊಳ್ಳುತ್ತವೆ. 48 ಗಂಟೆಯೊಳಗೆ ಕಾಯ್ದಿರಿಸಬೇಕು. ನಂಬರ್ ಬದಲಾಗಿದ್ದರೆ ಅವಕಾಶ ಹೋದಂತೆಯೇ. ಪರಿಚಿತ ಮಕ್ಕಳ ವೈದ್ಯರಿಗೆ ಮೊದಲೇ ಹೇಳಿಟ್ಟಿರಿ: ತೂಕ, ತಲೆಯ ಸುತ್ತಳತೆ, ಬೆಳವಣಿಗೆಯ ಹಂತ, ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ಫಲಿತಾಂಶ ನೋಡಿ ಹೇಳಲು ಅವರಿಗೆ ಅರ್ಧ ಗಂಟೆ ಸಾಕು. ವರದಿ ಅಸ್ಪಷ್ಟವಾಗಿದ್ದರೆ ಮಗುವನ್ನು ನೋಡಿಕೊಳ್ಳುತ್ತಿರುವ ದತ್ತು ಏಜೆನ್ಸಿಗೆ ಫೋನ್ ಮಾಡಿ ಕೇಳಿ. ಹೀಗೆ ಮಗುವಿನ ವಿವರ ಕಳಿಸುವ ‘ರೆಫರಲ್’ ಮೂರು ಸಿಗುತ್ತವೆ, ಆದರೆ ‘ಮುಂದಿನದು ಇನ್ನೂ ಚೆನ್ನಾಗಿರಬಹುದು’ ಎಂದು ಬಿಡುವುದು ಜಾಣತನವಲ್ಲ.

ಆಸ್ಪತ್ರೆ ಕಾರಿಡಾರಿನಲ್ಲಿ ‘ನಿಮ್ಮ ಹೆಸರಿಗೇ ಜನನ ಪ್ರಮಾಣಪತ್ರ ಮಾಡಿಸಿಕೊಡ್ತೀವಿ’ ಎನ್ನುವವರು ಸಿಕ್ಕರೆ ದೂರವಿರಿ. ಬಾಲ ನ್ಯಾಯ ಕಾಯ್ದೆಯ 81ನೇ ಕಲಮಿನಡಿ ಮಗುವನ್ನು ಕೊಂಡವರಿಗೂ 5 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ದಂಡ.

2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೋರ್ಟಿನದಲ್ಲ, ಜಿಲ್ಲಾಧಿಕಾರಿಯದು. ಅದಕ್ಕೆ 2 ತಿಂಗಳ ಗಡುವಿದೆ. ಆದರೆ ಅಷ್ಟರವರೆಗೆ ಕಾಯಬೇಕಿಲ್ಲ, ದತ್ತು ಪೂರ್ವ ಪಾಲನೆಯಲ್ಲಿ ಮಗು ಮೊದಲೇ ಮನೆಗೆ ಬರುತ್ತದೆ. ಕರೆತರುವ ದಿನ ಲಸಿಕೆ ಕಾರ್ಡು ಕೇಳಿ ಪಡೆಯಿರಿ, ಕುಡಿಯುತ್ತಿರುವ ಹಾಲಿನ ಪುಡಿಯ ಬ್ರ್ಯಾಂಡ್, ಎಷ್ಟು ನೀರಿಗೆ ಎಷ್ಟು ಚಮಚ, ಮಲಗುವ ಹೊತ್ತು ಎಲ್ಲ ಬರೆದುಕೊಳ್ಳಿ. ಮನೆಗೆ ಬಂದೊಡನೆ ಪುಡಿ ಬದಲಿಸಿ ಹೊಟ್ಟೆ ಕೆಡಿಸುವವರೇ ಹೆಚ್ಚು. ಮುಂದಿನ 2 ವರ್ಷ, 6 ತಿಂಗಳಿಗೊಮ್ಮೆ ಏಜೆನ್ಸಿಯವರು ಬಂದು ನೋಡಿಹೋಗುತ್ತಾರೆ.