ಚೆಂಡು ಬಂತು, ಪ್ರಮಾಣಪತ್ರ ಬರಲಿಲ್ಲ: ಪಿಎಸ್‌ಎ, ಜೆಎಸ್‌ಎ, ಬೆಕೆಟ್ ಸೇವೆಗಳ ವಿಮರ್ಶೆ

ಕುಂಬಳೆ ಎಂಬ ಹೆಸರಿಗೆ ಕಾಸರಗೋಡಿನಲ್ಲಿರುವ ಬೆಲೆಯೇ ಬೇರೆ. ನಮ್ಮ ಊರಿನ ಹೆಸರು ಹೊತ್ತ ಬೌಲರ್ ಅನಿಲ್ ಕುಂಬ್ಳೆ 619 ಟೆಸ್ಟ್ ವಿಕೆಟ್ ತೆಗೆದವರು. ಅವರ ಸಹಿ ಇರುವ ಚೆಂಡೋ ಬ್ಯಾಟೋ ಆನ್‌ಲೈನ್ ಹರಾಜಿಗೆ ಬಂದರೆ ಮಂಜೇಶ್ವರ, ಉಪ್ಪಳ, ಬದಿಯಡ್ಕದ ಕಡೆಯ ಅಭಿಮಾನಿಗಳ ಕೈ ಸುಮ್ಮನಿರುವುದಿಲ್ಲ. ಹರಾಜಿನ ಪುಟದಲ್ಲಿ ‘ಪ್ರಮಾಣಪತ್ರ ಸಹಿತ’ ಎಂದಿರುತ್ತದೆ. ಪಾರ್ಸೆಲ್ ಬಿಚ್ಚಿದರೆ ಬರೀ ಚೆಂಡು. ಆಗ ಎಲ್ಲರೂ ಹೇಳುವ ಹೆಸರು ಸಹಿ ಅಸಲಿಯೇ ಎಂದು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಅಮೆರಿಕದ ಮೂರು ದೃಢೀಕರಣ ಸಂಸ್ಥೆಗಳದ್ದು: ಪಿಎಸ್‌ಎ, ಜೆಎಸ್‌ಎ, ಬೆಕೆಟ್. ಕಾಸರಗೋಡಿನಲ್ಲಿ ಕೂತು ಕೊಂಡವರಿಗೆ ಇವುಗಳಿಂದ ಎಷ್ಟು ಪ್ರಯೋಜನ ಎಂಬುದು ಈ ವಿಮರ್ಶೆಯ ವಿಷಯ.

ಮೂರರಲ್ಲೂ ಮೆಚ್ಚಬೇಕಾದದ್ದು ನಂಬರ್ ಪರಿಶೀಲನೆ. ಸಂಸ್ಥೆ ಒಪ್ಪಿದ ವಸ್ತುವಿನ ಮೇಲೆ ನಂಬರ್ ಇರುವ ಸಣ್ಣ ಸ್ಟಿಕರ್ ಅಂಟಿಸುತ್ತಾರೆ, ಅದೇ ನಂಬರ್ ಕಾಗದದ ಮೇಲೂ ಇರುತ್ತದೆ. ಹಾಗಾಗಿ ಕಾಗದ ಕಳೆದರೂ ಸ್ಟಿಕರ್ ಉಳಿದಿದ್ದರೆ ದಾರಿ ಮುಚ್ಚಿಲ್ಲ. ಸಂಸ್ಥೆಯ ಜಾಲತಾಣದಲ್ಲಿ ನಂಬರ್ ಹಾಕಿದರೆ ಯಾರ ಸಹಿ, ಯಾವ ವಸ್ತು ಎಂದು ಕಾಸಿಲ್ಲದೆ ತಿಳಿಯುತ್ತದೆ. ಕೆಲವಕ್ಕೆ ಫೋಟೊ ಕೂಡ ಸಿಗುತ್ತದೆ. ಫೋಟೊ ಸಿಕ್ಕರೆ ಸಹಿಯ ಆಕಾರ ನೋಡಿ ತೃಪ್ತಿಪಡಬೇಡಿ. ಹೊಲಿಗೆಯಿಂದ ಸಹಿ ಎಷ್ಟು ದೂರದಲ್ಲಿದೆ, ಯಾವ ಅಕ್ಷರ ತಯಾರಕರ ಮುದ್ರೆಯನ್ನು ಮುಟ್ಟುತ್ತದೆ, ಶಾಯಿ ಎಲ್ಲಿ ಕಡಿದಿದೆ, ಇಷ್ಟನ್ನು ಕೈಯಲ್ಲಿರುವ ಚೆಂಡಿನೊಂದಿಗೆ ತಾಳೆ ನೋಡಿ. ಬೇರೆ ವಸ್ತುವಿನ ಅಸಲಿ ನಂಬರನ್ನು ನಕಲಿ ಸ್ಟಿಕರ್‌ಗೆ ಹಾಕುವುದು ಈ ವ್ಯಾಪಾರದ ಹಳೆಯ ಮೋಸ. ದಾಖಲೆಯಲ್ಲಿ ಸಹಿ ಇರುವ ವಸ್ತು ‘ಫೋಟೊ’ ಎಂದಿದ್ದು ನಿಮ್ಮ ಕೈಯಲ್ಲಿ ಚೆಂಡಿದ್ದರೆ ಮುಂದೆ ನೋಡುವುದೇನೂ ಇಲ್ಲ, ವಾಪಸ್ ಕಳಿಸಿ. ಈ ಸೇವೆಗೆ ಐದರಲ್ಲಿ ನಾಲ್ಕೂವರೆ ಅಂಕ ಧಾರಾಳವಾಗಿ ಕೊಡಬಹುದು.

ಪ್ರಮಾಣಪತ್ರಗಳೆಲ್ಲ ಒಂದೇ ತೂಕದವಲ್ಲ. ಸಂಸ್ಥೆಯ ಪ್ರತಿನಿಧಿಯ ಎದುರಿಗೇ ಆಟಗಾರ ಸಹಿ ಹಾಕಿದ್ದರೆ ಅದು ಸಾಕ್ಷಿ ಸಹಿತ ಪ್ರಮಾಣಪತ್ರ. ಮೂರೂ ಸಂಸ್ಥೆಗಳಲ್ಲಿ ಇದಕ್ಕೆ ಬೇರೆಯೇ ವಿಭಾಗವಿದೆ, ಹೆಚ್ಚಿನ ನಂಬಿಕೆ ಸಲ್ಲಬೇಕಾದದ್ದು ಇದಕ್ಕೇ. ಉಳಿದವು ಸಹಿಯನ್ನು ಮಾದರಿಗಳ ಜೊತೆ ಹೋಲಿಸಿ ಕೊಟ್ಟ ಅಭಿಪ್ರಾಯ. ಇನ್ನು ಮಾರುವವನು ತನ್ನದೇ ಲೆಟರ್‌ಹೆಡ್‌ನಲ್ಲಿ ಅಚ್ಚು ಹಾಕಿಸಿ ಕೊಡುವ ಪತ್ರವಿದೆಯಲ್ಲ, ಅದು ಜಾಗದ ಆಧಾರಪತ್ರ ಬಿಟ್ಟು ಬ್ರೋಕರ್‌ನ ಬಾಯಿಮಾತು ನಂಬಿದ ಹಾಗೆ. 1990ರ ದಶಕದ ಕೊನೆಯಲ್ಲಿ ಎಫ್‌ಬಿಐ ನಡೆಸಿದ ‘ಆಪರೇಷನ್ ಬುಲ್‌ಪೆನ್’ ತನಿಖೆಯಲ್ಲಿ ನಕಲಿ ಸಹಿಗಳ ಜೊತೆಗೇ ನಕಲಿ ಪ್ರಮಾಣಪತ್ರಗಳೂ ಸಿಕ್ಕಿದ್ದವು. ಅದರ ಬೆನ್ನಿಗೆ 2001ರಲ್ಲಿ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ತನ್ನದೇ ಹೊಲೊಗ್ರಾಮ್ ವ್ಯವಸ್ಥೆ ತಂದಿತು. ಕಾಗದ ಮಿರುಗುತ್ತಿದೆ ಎಂದು ಸಹಿ ಅಸಲಿಯಾಗುವುದಿಲ್ಲ.

ಸ್ಟಿಕರೂ ಇಲ್ಲ, ಕಾಗದವೂ ಇಲ್ಲ ಎಂದಾದರೆ ವಸ್ತುವನ್ನೇ ಅಮೆರಿಕಕ್ಕೆ ಕಳಿಸಿ ಹೊಸದಾಗಿ ದೃಢೀಕರಿಸಿಕೊಳ್ಳಬಹುದು. ಇಲ್ಲಿ ನಮ್ಮ ಮೆಚ್ಚುಗೆ ಅರ್ಧಕ್ಕೆ ಇಳಿಯುತ್ತದೆ. ಇವರ ಮುಖ್ಯ ವ್ಯಾಪಾರ ಬೇಸ್‌ಬಾಲ್, ಬಾಸ್ಕೆಟ್‌ಬಾಲ್, ಅಮೆರಿಕನ್ ಫುಟ್‌ಬಾಲ್, ಕ್ರಿಕೆಟ್ ಅಲ್ಲ. ಎರಡು ದಾರಿಯ ಸಾಗಾಟ, ವಿಮೆ, ಶುಲ್ಕ ಸೇರಿಸಿದರೆ ಸಾಧಾರಣ ಬೆಲೆಯ ಸಹಿ ಚೆಂಡಿಗೆ ಖಂಡಿತ ಗಿಟ್ಟುವುದಿಲ್ಲ. ಕಳಿಸಲೇಬೇಕೆಂದರೆ ರಫ್ತಿನ ಕಾಗದದಲ್ಲಿ ವಸ್ತುವಿನ ಗುರುತನ್ನು ಸ್ಪಷ್ಟವಾಗಿ ಬರೆಸಿ, ಫೋಟೊ ಲಗತ್ತಿಸಿ. ಇಲ್ಲವಾದರೆ ಹಿಂದೆ ಬರುವಾಗ ಹೊಸ ಆಮದು ಎಂದು ಕಸ್ಟಮ್ಸ್ ಸುಂಕ ಬೀಳುವ ಸಂಭವವಿದೆ. ಫೋಟೊ ನೋಡಿ ಕೊಡುವ ತುರ್ತು ಅಭಿಪ್ರಾಯದ ಸೇವೆಯೂ ಉಂಟು. ಬಿಡ್ ಮಾಡುವ ಮುಂಚೆ ಅದು ಒಳ್ಳೆಯದೇ, ಆದರೆ ಪ್ರಮಾಣಪತ್ರದ ಜಾಗದಲ್ಲಿ ನಿಲ್ಲುವುದಿಲ್ಲ.

ಖರ್ಚಿಲ್ಲದ ಪರೀಕ್ಷೆಗಳು ಮನೆಯಲ್ಲೇ ಇವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಸಹಿ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು ಕಂಡರೆ ಅದು ಅಚ್ಚು. ಗೆರೆಯ ದಪ್ಪ ಶುರುವಿನಿಂದ ಕೊನೆಯವರೆಗೆ ಒಂದೇ ಸಮ ಇದ್ದು, ತುದಿಗಳು ಮೊಂಡಾಗಿದ್ದರೆ ಪೆನ್ನು ಹಿಡಿದು ಸಹಿಯನ್ನು ನಕಲು ಮಾಡುವ ಯಂತ್ರದ ಮೇಲೆ ಅನುಮಾನ ಪಡಬೇಕು. ಕೈಯ ಬರಹದಲ್ಲಿ ವೇಗ ಏರಿಳಿಯುತ್ತದೆ, ತುದಿ ಚೂಪಾಗುತ್ತದೆ. ಬರಿಯ ವಿಲೋ ಮರದ ಬ್ಯಾಟಿನ ಮೇಲೆ ಶಾಯಿ ಮರದ ಎಳೆಗಳ ಉದ್ದಕ್ಕೆ ಸಾಮಾನ್ಯವಾಗಿ ಸ್ವಲ್ಪ ಹಬ್ಬಿರುತ್ತದೆ, ಮೇಲೆ ಅಂಟಿಸಿದ ಹಾಳೆಯಂತೆ ಕೂತಿದ್ದರೆ ಅನುಮಾನ ಪಡಬೇಕು.

ಆಟದ ಇತಿಹಾಸವೂ ಒಳ್ಳೆಯ ಸಾಕ್ಷಿ. 1999ರ ಫೆಬ್ರುವರಿ 7ರಂದು ಫಿರೋಜ್ ಷಾ ಕೋಟ್ಲಾದಲ್ಲಿ ಕುಂಬ್ಳೆ 74 ರನ್ನಿಗೆ 10 ವಿಕೆಟ್ ಪಡೆದಾಗ ಪಾಕಿಸ್ತಾನದ ಆ ಇನಿಂಗ್ಸ್ 60.3 ಓವರ್‌ಗೆ ಮುಗಿದಿತ್ತು. ಎರಡನೇ ಹೊಸ ಚೆಂಡು ಪಡೆಯುವ ಹಂತವೇ ಬರಲಿಲ್ಲ, ಅಂದರೆ ಅಂಥ ಚೆಂಡುಗಳು ಹಲವಾರು ಇರಲು ಸಾಧ್ಯವಿಲ್ಲ. ಆದ್ದರಿಂದ ‘ಆ ಹತ್ತು ವಿಕೆಟ್‌ಗಳ ಚೆಂಡು’ ಎಂದು ಯಾರಾದರೂ ಮಾರಿದರೆ, ಮೈದಾನದಿಂದ ತನ್ನ ಕೈಗೆ ಬರುವ ತನಕ ಅದು ಯಾರ್ಯಾರ ಬಳಿ ಇತ್ತು ಎಂಬ ಪತ್ರಗಳ ಸರಣಿಯನ್ನೇ ಅವರು ತೋರಿಸಬೇಕು; ಬರೀ ಸಹಿಯ ಪ್ರಮಾಣಪತ್ರ ಅದಕ್ಕೆ ಸಾಲದು. ಟೆಸ್ಟ್ ಅಂಗಿಯ ಬೆನ್ನಿಗೆ ಹೆಸರು, ನಂಬರ್ ಬಂದದ್ದು 2019ರಲ್ಲಿ, ಕುಂಬ್ಳೆ ನಿವೃತ್ತರಾದದ್ದು 2008ರಲ್ಲಿ. ಬೆನ್ನ ಮೇಲೆ ನಂಬರ್ ಇರುವ ‘ಪಂದ್ಯದಲ್ಲಿ ಧರಿಸಿದ’ ಕುಂಬ್ಳೆ ಟೆಸ್ಟ್ ಅಂಗಿಗೆ ಯಾವ ಪ್ರಮಾಣಪತ್ರ ಬಂದರೂ ಹಣ ಕೊಡಬೇಡಿ.

ಹರಾಜು ಸಂಸ್ಥೆಯಿಂದ ಕಾಗದ ಬರಿಸುವ ಕೆಲಸ ಬಿಡ್ ಗೆದ್ದ ದಿನವೇ ಶುರುವಾಗಬೇಕು. ಲಾಟ್ (ಹರಾಜಿಗಿಟ್ಟ ವಸ್ತು) ನಂಬರ್, ವಿವರಣೆ, ಫೋಟೊ, ಷರತ್ತುಗಳಿರುವ ಪುಟವನ್ನು ಪಿಡಿಎಫ್ ಮಾಡಿಡಿ. ಹರಾಜು ಮುಗಿದ ಮೇಲೆ ಪುಟ ಉಳಿಯುತ್ತದೆ ಎಂಬ ಭರವಸೆ ಇಲ್ಲ. ಪಾರ್ಸೆಲ್ ಬಿಚ್ಚುವಾಗ ವಿಳಾಸದ ಚೀಟಿಯಿಂದ ಖಾಲಿ ಪೆಟ್ಟಿಗೆಯ ತಳದವರೆಗೆ ನಡುವೆ ನಿಲ್ಲಿಸದೆ ವಿಡಿಯೊ ಮಾಡಿ. ‘ಪ್ರಮಾಣಪತ್ರ ಸಹಿತ’ ಎಂಬ ಮಾತು ವಿವರಣೆಯಲ್ಲಿದ್ದರೆ ಅದೂ ಮಾಲಿನ ಭಾಗವೇ ಎಂದು ವಾದಿಸಬಹುದು. 1930ರ ಸರಕು ಮಾರಾಟ ಕಾಯ್ದೆಯ 15ನೇ ಕಲಂ ಪ್ರಕಾರ ಸರಕು ವಿವರಣೆಗೆ ಹೊಂದಬೇಕು. ‘ಪ್ರಮಾಣಪತ್ರಕ್ಕೆ ಅರ್ಹ’ ಎಂದಷ್ಟೇ ಇದ್ದರೆ ಆ ಆಸರೆ ಇಲ್ಲ. ಬಿಡ್ ಮಾಡುವ ಮುಂಚೆ ಈ ಒಂದು ಪದವನ್ನು ಎರಡು ಸಲ ಓದಿ.

ಇಮೇಲ್‌ನಲ್ಲಿ ಕೇಳಬೇಕಾದದ್ದು ಇಷ್ಟೇ: ಮೂಲ ಪತ್ರವನ್ನು ಟ್ರ್ಯಾಕಿಂಗ್ ಇರುವ ಅಂಚೆಯಲ್ಲಿ ಕಳಿಸಿ, ಇಲ್ಲವೇ ಕಮಿಷನ್ ಸಹಿತ ಹಣ ವಾಪಸ್ ಮಾಡಿ. ಒಂದು ತಾರೀಕು ಕೊಡಿ. ಭಾರತದ ಜಾಲತಾಣವಾದರೆ 2020ರ ಇ-ಕಾಮರ್ಸ್ ನಿಯಮಗಳಂತೆ ಅದರ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ವಿದೇಶದ ಸಂಸ್ಥೆಯಾದರೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ತಡಮಾಡದೆ ತಕರಾರು ಹಾಕುವುದೇ ಮೇಲು. ಪತ್ರ ಕೊನೆಗೂ ಬಂದರೆ ಲ್ಯಾಮಿನೇಷನ್ ಮಾಡಿಸಬೇಡಿ, ಹೊಲೊಗ್ರಾಮ್ ಮತ್ತು ಶಾಯಿಯನ್ನು ಆಮೇಲೆ ಯಾರೂ ಪರೀಕ್ಷಿಸಲಾಗುವುದಿಲ್ಲ. ಆಟಿಯ ಮಳೆಯಲ್ಲಿ ಚರ್ಮಕ್ಕೆ ಬೂಷ್ಟು ಹಿಡಿಯುವ ನಮ್ಮ ಊರಿನಲ್ಲಿ ಚೆಂಡು, ಕಾಗದ ಎರಡನ್ನೂ ಸಿಲಿಕಾ ಜೆಲ್ ಹಾಕಿದ ಬೇರೆ ಬೇರೆ ಡಬ್ಬಿಗಳಲ್ಲಿ ಇಡಿ.

ಭಾರತದ ಮಾರಾಟಗಾರ ಉತ್ತರವನ್ನೇ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯಂತೆ ಕೊಂಡವರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದಾದ್ದರಿಂದ ಮುಂಬೈಗೋ ದೆಹಲಿಗೋ ಅಲೆಯಬೇಕಿಲ್ಲ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ಗಡುವು ಎರಡು ವರ್ಷ. ದೂರಿನ ಜೊತೆ ಲಾಟ್ ಪುಟದ ಪಿಡಿಎಫ್, ಬಿಲ್, ಹಣ ಕಟ್ಟಿದ ದಾಖಲೆ, ಇಮೇಲ್‌ಗಳು ಮತ್ತು ಪಾರ್ಸೆಲ್ ಬಿಚ್ಚಿದ ವಿಡಿಯೊ ಇರಲಿ.