ಷಟ್ಪದಿಯ ಸಾಲು ಮುರಿಯದ ಉಚಿತ ವೆಬ್‌ಸೈಟ್: ಗೂಗಲ್ ಸೈಟ್ಸ್ ಬಳಸಿದ ಮೇಲೆ

ಗೂಗಲ್ ಸೈಟ್ಸ್‌ನಲ್ಲಿ ನನ್ನದೊಂದು ಹೋಮ್‌ಪೇಜ್ ಇದೆ. ಹೆಸರು, ಓದು, ಕಲಿಸುವ ವಿಷಯ, ಅದರ ಕೆಳಗೆ ನೋಟ್ಸ್, ಇಷ್ಟೇ. ಇದು ಶುರುವಾದಾಗ ಮೊದಲ ವರ್ಷದಲ್ಲಿದ್ದ ಬ್ಯಾಚ್ ಈಗ ಪದವಿ ಮುಗಿಸಿ ಹೋಗಿದೆ, ಹಾಗಾಗಿ ಧೈರ್ಯವಾಗಿ ಬರೆಯಬಹುದು. ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ನಾನು ಕನ್ನಡದ ಅತಿಥಿ ಉಪನ್ಯಾಸಕಿ. ರಜೆಯ ತಿಂಗಳಲ್ಲಿ ಗೌರವಧನ ಇರುವುದಿಲ್ಲ. ತಿಂಗಳಿಗೆ ಇಷ್ಟೇ ರೂಪಾಯಿ ಎನ್ನುವ ಯಾವ ಪ್ಲಾನೂ ನನ್ನ ಮಟ್ಟಿಗೆ ಅಗ್ಗವಲ್ಲ. ಟೆಂಪ್ಲೇಟ್ ಎಷ್ಟು, ಬಣ್ಣ ಎಷ್ಟು ಎಂಬುದೆಲ್ಲ ಎಲ್ಲ ಕಡೆ ಸಿಗುತ್ತದೆ, ಅದನ್ನು ಬಿಟ್ಟಿದ್ದೇನೆ.

ಮೊದಲು ಬೇರೊಂದು ಉಚಿತ ಸೇವೆಯಲ್ಲಿದ್ದೆ. ಹೆಸರು ಬೇಡ. ಪುಟವೇನೋ ಚೆಂದ ಬಂದಿತ್ತು, ಆದರೆ ಅದರಲ್ಲಿ ಯಾವ ಜಾಹೀರಾತು ಬರಬೇಕು ಎನ್ನುವುದು ನನ್ನ ಕೈಯಲ್ಲಿರಲಿಲ್ಲ. ಅಫಜಲಪುರ ಕಡೆಯ ವಿದ್ಯಾರ್ಥಿನಿ ಒಬ್ಬಳು ಫೋನ್ ತಂದು ತೋರಿಸಿದಳು: "ಮೇಡಂ, ನಿಮ್ಮ ಪೇಜಿನಾಗ ರೊಕ್ಕದ ಆಟ ಬರ್ತದ್ರಿ." ವಚನಗಳ ಟಿಪ್ಪಣಿಯ ಕೆಳಗೇ ರಮ್ಮಿ! ಅವರ ಮನೆಯಲ್ಲಿ ಇರುವುದು ಅದೊಂದೇ ಫೋನ್, ಹೈಸ್ಕೂಲಿಗೆ ಹೋಗುವ ತಮ್ಮನೂ ಅದನ್ನೇ ಹಿಡಿಯುತ್ತಾನೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವತ್ತೇ ಆ ಪುಟ ಅಳಿಸಿದೆ.

ಗೂಗಲ್ ಸೈಟ್ಸ್‌ಗೆ ಬಂದದ್ದು ಅಲ್ಲಿ ಜಾಹೀರಾತು ಇಲ್ಲ ಎಂಬ ಒಂದೇ ಕಾರಣಕ್ಕೆ. ಅದು ಮೆಚ್ಚುಗೆಯಾದದ್ದು ಬೇರೆ ಕಾರಣಕ್ಕೆ: ಗೂಗಲ್ ಡ್ರೈವ್‌ನ ಫೋಲ್ಡರ್. ಡ್ರೈವ್‌ನ ಒಂದು ಫೋಲ್ಡರನ್ನು ಪುಟದಲ್ಲಿ ಒಮ್ಮೆ ಕೂರಿಸಿದರೆ ಮುಗಿಯಿತು. ಆಮೇಲೆ ಆ ಫೋಲ್ಡರಿಗೆ ಹಾಕಿದ ಫೈಲೆಲ್ಲ ತಾನಾಗಿ ಪುಟದಲ್ಲಿ ಕಾಣುತ್ತದೆ, ಮತ್ತೆ ಪಬ್ಲಿಷ್ ಒತ್ತಬೇಕಿಲ್ಲ. ಸಂಜೆ ಸೂಪರ್ ಮಾರ್ಕೆಟ್‌ನಲ್ಲಿ ಬಸ್ಸಿಳಿದು ಮನೆ ಸೇರಿ, ಚಹಾಕ್ಕೆ ಇಟ್ಟು, ಅವತ್ತು ಬೋರ್ಡಿನ ಮೇಲೆ ಬರೆದದ್ದನ್ನು ಬಿಳಿ ಹಾಳೆಯಲ್ಲಿ ಸ್ಕೆಚ್ ಪೆನ್ನಿಂದ ಮತ್ತೆ ಬರೆಯುತ್ತೇನೆ. ಕಿಟಕಿಯ ಬೆಳಕಿಗೆ ಹಿಡಿದು ಡ್ರೈವ್ ಆ್ಯಪಿನಲ್ಲೇ ಸ್ಕ್ಯಾನ್ ಮಾಡಿದರೆ ಪಿಡಿಎಫ್ ನೇರ ಫೋಲ್ಡರಿಗೆ. ಚಹಾ ಸೋಸುವಷ್ಟರಲ್ಲಿ ಚಿತ್ತಾಪುರದ ಹುಡುಗನ ಫೋನಿನಲ್ಲಿ ಅದು ತೆರೆದಿರುತ್ತದೆ. ಈ ಕೆಲಸದಲ್ಲಿ ನನಗೆ ಸಿಗುವ ಖುಷಿಯನ್ನು ಹೇಗೆ ಹೇಳಲಿ!

ಕೈಬರಹವೇ ಯಾಕೆ ಅಂದರೆ, ನಾನು ಕಲಿಸುವುದು ಛಂದಸ್ಸು. ಪ್ರಸ್ತಾರ ಹಾಕುವಾಗ ಪ್ರತಿ ಅಕ್ಷರದ ನೆತ್ತಿಯ ಮೇಲೆ ಲಘು ಇಲ್ಲವೇ ಗುರುವಿನ ಗುರುತು ಕೂರಬೇಕು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಭಾಮಿನಿ ಷಟ್ಪದಿಯನ್ನೇ ನೋಡಿ. ಒಂದು, ಎರಡು, ನಾಲ್ಕು, ಐದನೇ ಸಾಲುಗಳಿಗೆ 14 ಮಾತ್ರೆ, ಅವು ಸಣ್ಣ ಪರದೆಯಲ್ಲೂ ಹಿಡಿಸುತ್ತವೆ. ಮೂರನೆಯದಕ್ಕೂ ಆರನೆಯದಕ್ಕೂ 23. ಟೈಪ್ ಮಾಡಿ ಹಾಕಿದರೆ ಆ ಉದ್ದ ಸಾಲು ಫೋನಿನಲ್ಲಿ ಅರ್ಧಕ್ಕೆ ಮುರಿದು ಕೆಳಗಿಳಿಯುತ್ತದೆ, ಕೊನೆಯ ಗುರು ಹೊಸ ಸಾಲಿನಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಗುರುತುಗಳ ಸಾಲು ಒಂದು ಕಡೆ, ಅಕ್ಷರಗಳ ಸಾಲು ಇನ್ನೊಂದು ಕಡೆ. ಹುಡುಗರು ಅದನ್ನೇ ನೋಡಿ ಗಣ ವಿಂಗಡಿಸಿದರೆ ಮೂರು ಮಾತ್ರೆಯ ಗಣ ಎಲ್ಲಿ ಮುಗಿಯಿತು, ನಾಲ್ಕರದ್ದು ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಇದು ಯಾವ ಸೇವೆಯ ದೋಷವೂ ಅಲ್ಲ. ಪರದೆಯ ಅಗಲಕ್ಕೆ ತಕ್ಕಂತೆ ಸಾಲು ಮಡಚುವುದು ವೆಬ್ ಪುಟದ ಸ್ವಭಾವ. ಪಿಡಿಎಫ್‌ನಲ್ಲಿ ಸಾಲು ಇದ್ದ ಜಾಗ ಬಿಟ್ಟು ಅಲ್ಲಾಡುವುದಿಲ್ಲ. ಎರಡು ಬೆರಳಿಂದ ಹಿಗ್ಗಿಸಿ ನೋಡಬೇಕು, ಅಷ್ಟೇ ತ್ರಾಸು.

ಫೋಲ್ಡರ್ ಕೂರಿಸುವವರಿಗೆ ಒಂದು ಮಾತು. ಲಿಂಕ್ ಇರುವವರೆಲ್ಲ ನೋಡಬಹುದು ಎಂದು ಫೋಲ್ಡರಿನ ಶೇರಿಂಗ್ ಬದಲಿಸಿಡಿ. ಸೈಟ್ ಪಬ್ಲಿಷ್ ಆದರೂ ಫೋಲ್ಡರ್ ತಾನಾಗಿ ತೆರೆದುಕೊಳ್ಳುವುದಿಲ್ಲ. ಹಳೆಯ ನುಡಿ ಫಾಂಟಿನ ನೋಟ್ಸ್ ಇದ್ದರೆ ಹಾಗೇ ಕಾಪಿ ಮಾಡಿ ಅಂಟಿಸಬೇಡಿ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣಿಸುತ್ತದೆ. ಎಲ್ಲ ಫೋನಿನಲ್ಲೂ ಓದಲು ಬರುವ ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಅರ್ಕಾವತ್ತು ಬಂದ ಕಡೆಯೆಲ್ಲ ಕಣ್ಣಿಟ್ಟು ಓದಿ.

ಪುಟದ ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಕನ್ನಡದ ಒಂದೊಂದು ಚಿಹ್ನೆಯೂ ವಿಳಾಸದೊಳಗೆ ಶೇಕಡಾ ಗುರುತು ಸೇರಿ ಒಂಬತ್ತು ಗುರುತಾಗುತ್ತದೆ. "ಬೀದರ್" ಎಂದು ಬರೆದರೆ ಗುಣಿತ, ಅರ್ಧಾಕ್ಷರ ಎಲ್ಲ ಲೆಕ್ಕಕ್ಕೆ ಬಂದು 45! ವಾಟ್ಸ್ಆ್ಯಪ್‌ನಲ್ಲಿ ಅಂಥ ಲಿಂಕ್ ಕಂಡರೆ ಮೋಸದ ಲಿಂಕ್ ಅಂತ ಯಾರೂ ಒತ್ತುವುದಿಲ್ಲ. ಪುಟದ ಪ್ರಾಪರ್ಟೀಸ್‌ನಲ್ಲಿ ವಿಳಾಸದ ಕೊನೆಯ ಭಾಗವನ್ನು ನಾವೇ ಕೊಡಲು ಬರುತ್ತದೆ. ಉಚಿತವಾದ್ದರಿಂದ ಮೊದಲ ಭಾಗ ಹೇಗೂ ಉದ್ದ, ಬಾಯಲ್ಲಿ ಹೇಳಿ ಬರೆಸುವಂಥದ್ದಲ್ಲ. ನಾನು ಕ್ಯೂಆರ್ ಕೋಡ್ ಮುದ್ರಿಸಿ ವಿಭಾಗದ ಬಾಗಿಲಿಗೆ ಅಂಟಿಸಿದ್ದೇನೆ.

ಪುಟದ ವಿನ್ಯಾಸ ತಿದ್ದಲು ಕಂಪ್ಯೂಟರ್ ಬೇಕು. ಓದುಗರು ಪ್ರತಿಕ್ರಿಯೆ ಬರೆಯಲು ಸೈಟ್ಸ್‌ನಲ್ಲಿ ಸ್ವಂತದ ವ್ಯವಸ್ಥೆ ಇಲ್ಲ. ಹಾಗೆ ಚರ್ಚೆ ಬೇಕೆನ್ನುವವರಿಗೆ ಗೂಗಲ್‌ನದೇ ಬ್ಲಾಗರ್ ಎಂಬ ಸೇವೆ ವಾಸಿ, ಅದೂ ಉಚಿತ. ಕಥೆ, ಕವಿತೆ ತಾರೀಖಿನ ಪ್ರಕಾರ ಹಾಕುತ್ತ ಹೋಗುವವರಿಗೂ ಅದೇ ಸರಿ. ಬಿಸಿಎ ಓದುವ ಹುಡುಗರು ಕೇಳಿದರೆ ನಾನು ಗಿಟ್‌ಹಬ್ ಪೇಜಸ್ ಎನ್ನುತ್ತೇನೆ: 1 ಜಿಬಿ ಮಿತಿ, ಎಚ್‌ಟಿಎಂಎಲ್ ಕೈಯಾರೆ ಬರೆದು ಕಲಿಯಲು ಒಳ್ಳೆಯ ಜಾಗ. ವಿಕ್ಸ್ (Wix) ಎಂಬ ವೆಬ್‌ಸೈಟ್ ಸೇವೆ ನೋಡಲು ಎಲ್ಲಕ್ಕಿಂತ ಚೆಂದ, ಆದರೆ ಉಚಿತ ಪ್ಲಾನಿಗೆ 500 ಎಂಬಿ ಜಾಗ, ಪುಟದ ಮೇಲೆ ಅವರ ಜಾಹೀರಾತಿನ ಪಟ್ಟಿ ಬೇರೆ. ನನ್ನ ಸ್ಕ್ಯಾನುಗಳಿಗೆ ಅದು ಸಾಲದು. ಡ್ರೈವ್‌ನ 15 ಜಿಬಿಯಲ್ಲಿ ಮೇಲ್, ಫೋಟೋ ಎಲ್ಲ ಸೇರಿದರೂ ಇನ್ನೂ ಜಾಗ ಉಳಿದಿದೆ.

ಉಚಿತದ್ದು ಒಂದು ದಿನ ನಿಂತರೆ? ನಿಲ್ಲಬಹುದು. ಒಂದು ಕಾಲಕ್ಕೆ ಎಲ್ಲರ ಹೋಮ್‌ಪೇಜೂ ಇರುತ್ತಿದ್ದ ಜಿಯೊಸಿಟೀಸನ್ನು ಯಾಹೂ 1999ರಲ್ಲಿ ಕೊಂಡಿತು, 2009ರಲ್ಲಿ ಮುಚ್ಚಿತು. ಅದಕ್ಕೇ ಸೆಮಿಸ್ಟರ್ ಮುಗಿದಾಗಲೆಲ್ಲ ಇಡೀ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳುತ್ತೇನೆ. ಒಂದು ಪ್ರತಿಯನ್ನು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಗೂ ಕೊಟ್ಟಿದ್ದೇನೆ, ಫೋನಿಲ್ಲದ ಮಕ್ಕಳು ಅಲ್ಲಿಂದ ತೆಗೆಸಿಕೊಳ್ಳುತ್ತಾರೆ.